ಹಸುವಿನ ಪ್ರಬಂಧವೂ ಮೂರು ಸಾಲಿನ ಉತ್ತರವೂ

ತೆಂಗಿನ ಮರದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆ ಎಂದಾಗ, ಹಸುವಿನ ಪ್ರಬಂಧವನ್ನಷ್ಟೇ ಉರು ಹೊಡೆದಿದ್ದ ಹುಡುಗನೊಬ್ಬ ಮೊದಲ ಸಾಲಿನಲ್ಲೇ ಹಸುವನ್ನು ತಂದು ಮರಕ್ಕೆ ಕಟ್ಟಿ, ಮುಂದೆಲ್ಲ ಹಸುವನ್ನೇ ವರ್ಣಿಸಿದನಂತೆ. ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಓಡಾಡುತ್ತಿರುವ ಈ ನಗೆಹನಿಯನ್ನು ಕೇಳದವರು ವಿರಳ. ಆದರೆ ನಕ್ಕ ಮೇಲೆ ಒಂದು ಮಾತು ಯೋಚಿಸಬೇಕು. ಆ ಹುಡುಗನಿಗೆ ತೆಂಗಿನ ಮರದ ಬಗ್ಗೆ ಏನೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದುದನ್ನು ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸವನ್ನು ಮಾತ್ರ ಯಾರೂ ಮಾಡಿಸಿರಲಿಲ್ಲ.

ನಾನೂ ಆ ಹುಡುಗನ ಸಾಲಿಗೆ ಸೇರಿದವಳೇ. ಶಾಲೆಯಲ್ಲಿ ಗೈಡು ನೋಡಿ ಬಾಯಿಪಾಠ ಮಾಡಿದ ಪ್ರಬಂಧಗಳಿಗೆ ಅಂಕಗಳೇನೋ ಬಂದವು. ಆದರೆ ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಅರ್ಜಿ ತುಂಬುವಾಗ, ‘ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ? ಮೂರು ಸಾಲು ಬರೆಯಿರಿ’ ಎಂಬ ಇಂಗ್ಲಿಷ್ ಪ್ರಶ್ನೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಅದಕ್ಕೆ ಯಾವ ಗೈಡಿನಲ್ಲೂ ಉತ್ತರವಿರಲಿಲ್ಲ.

ಇಂಗ್ಲಿಷ್ ಕಲಿಯುವವರಿಂದ ಇಂಥ ಮೂರು ಸಾಲುಗಳನ್ನು ದಿನವೂ ಬರೆಸುವುದೇ ‘ಕಿರು ಪ್ರತಿಕ್ರಿಯೆ’ ಅಭ್ಯಾಸ. ಒಂದು ಚಿತ್ರ, ಒಂದು ಸುದ್ದಿ ಅಥವಾ ಒಂದು ಪ್ರಶ್ನೆಯನ್ನು ಮುಂದಿಟ್ಟು, ಐದೋ ಹತ್ತೋ ನಿಮಿಷದಲ್ಲಿ ಎರಡರಿಂದ ಐದು ವಾಕ್ಯಗಳ ಸ್ವಂತ ಉತ್ತರ ಬರೆಸುತ್ತಾರೆ. ಇದಕ್ಕಿರುವ ಮುಖ್ಯ ನಿಯಮ ಒಂದೇ: ಉತ್ತರ ಏನೆಂದು ಪ್ರಶ್ನೆ ಕೇಳಿದವರಿಗೆ ಮೊದಲೇ ತಿಳಿದಿರಬಾರದು. ‘ಹಸುವಿಗೆ ಎಷ್ಟು ಕಾಲು?’ ಎಂಬುದು ಪರೀಕ್ಷೆ. ‘ಬೆಳಗಿನ ಬಸ್ಸು ತಪ್ಪಿದರೆ ನೀನು ಶಾಲೆಗೆ ಹೇಗೆ ಬರುತ್ತೀಯ?’ ಎಂಬುದು ನಿಜವಾದ ಪ್ರಶ್ನೆ.

ಉತ್ತರ ಚಿಕ್ಕದಾಗಿಯೇ ಏಕಿರಬೇಕು? ಕನ್ನಡ ಮತ್ತು ಇಂಗ್ಲಿಷಿನ ವಾಕ್ಯಗಳ ಜಾಯಮಾನವೇ ಬೇರೆ. ‘ನಾನು ಹಾಲು ಕುಡಿದೆ’ ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಹಾಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ‘ಎ’, ‘ದಿ’ಗಳಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಹೊಸದಾಗಿ ಕಲಿಯುವವರು ಇವನ್ನೆಲ್ಲ ಏಕಕಾಲಕ್ಕೆ ನೆನಪಿಡಬೇಕು. ಎರಡು ಪುಟದ ಪ್ರಬಂಧದಲ್ಲಿ ತಪ್ಪುಗಳು ರಾಶಿ ಬೀಳುತ್ತವೆ, ಪುಟವೆಲ್ಲ ಕೆಂಪು ಶಾಯಿಯಾಗುತ್ತದೆ. ಮಗು ಗೈಡಿನ ಮೊರೆ ಹೋಗುತ್ತದೆ. ಮೂರು ಸಾಲಾದರೆ ಹೇಳಬೇಕಾದ ಮಾತಿನ ಮೇಲೂ ವಾಕ್ಯದ ಮೇಲೂ ಹಿಡಿತ ಉಳಿಯುತ್ತದೆ.

ಈ ವಿಚಾರಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ. ಬ್ರಿಟಿಷ್ ಕೌನ್ಸಿಲ್‌ನ ಮದ್ರಾಸ್ ಕಚೇರಿಯಲ್ಲಿದ್ದ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾ ಬೋಧನೆಯ ಇತಿಹಾಸದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ರೈಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮೊದಲು ಇಡೀ ತರಗತಿಯೊಡನೆ ಮೇಷ್ಟ್ರು ಒಂದು ಸಮಸ್ಯೆಯನ್ನು ಮಾತಿನಲ್ಲೇ ಬಿಡಿಸುತ್ತಿದ್ದರು. ಅಂಥದೇ ಇನ್ನೊಂದನ್ನು ಮಕ್ಕಳು ತಾವಾಗಿಯೇ ಬಿಡಿಸಿ ಉತ್ತರ ಬರೆಯಬೇಕಿತ್ತು. ಸಮಸ್ಯೆ ಬಿಡಿಸಿದರೇ ಎಂಬುದು ಮೊದಲು, ಭಾಷೆಯ ತಪ್ಪುಒಪ್ಪು ಆಮೇಲೆ. ಅರ್ಥದ ಕಡೆ ಗಮನವಿಟ್ಟಾಗ ವ್ಯಾಕರಣ ತಾನಾಗಿ ಮನಸ್ಸಿನಲ್ಲಿ ಬೇರೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದನ್ನವರು 1987ರಲ್ಲಿ ಪುಸ್ತಕ ರೂಪದಲ್ಲಿ ಮಂಡಿಸಿದರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ದೂರದ ಅಮೆರಿಕದಲ್ಲಿಯೂ ಇಂಥದೊಂದು ರೂಢಿ ಸಂಶೋಧಕರ ಕಣ್ಣಿಗೆ ಬಿತ್ತು. ಲಾಸ್ ಏಂಜಲೀಸಿನ ಆರನೇ ತರಗತಿಯ ಶಿಕ್ಷಕಿ ಲೆಸ್ಲಿ ರೀಡ್ ಮಕ್ಕಳೊಡನೆ ‘ಸಂವಾದ ಪುಸ್ತಕ’ ನಡೆಸುತ್ತಿದ್ದರು. ಮಗು ತನಗೆ ತೋಚಿದ್ದನ್ನು ಕೆಲವು ಸಾಲು ಬರೆಯುವುದು, ಶಿಕ್ಷಕಿ ಅದಕ್ಕೆ ಮರುಮಾತು ಬರೆಯುವುದು, ಅಷ್ಟೇ. ತಪ್ಪುಗಳಿಗೆ ಗೆರೆ ಹಾಕುವುದಿಲ್ಲ. ಜಾನಾ ಸ್ಟಾಟನ್ ಮೊದಲಾದವರು ಈ ಪುಸ್ತಕಗಳನ್ನು ಅಭ್ಯಸಿಸಿದ ಮೇಲೆ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ತರಗತಿಗಳಿಗೂ ಈ ಪದ್ಧತಿ ಹಬ್ಬಿತು.

ಗೆರೆ ಹಾಕದಿದ್ದರೆ ತಪ್ಪು ತಿದ್ದುವುದು ಹೇಗೆ? ನಮ್ಮೂರಿನ ಮಗುವೊಂದು ‘ಐ ಯೆಸ್ಟರ್ಡೇ ಅಜ್ಜಿ ಹೌಸ್ ಗೋ’ ಎಂದು ಬರೆಯಿತೆನ್ನಿ. ಮೇಷ್ಟ್ರು ಅದರ ಕೆಳಗೆ, ‘ಓ, ಯೂ ವೆಂಟ್ ಟು ಯುವರ್ ಗ್ರ್ಯಾಂಡ್‌ಮದರ್ಸ್ ಹೌಸ್! ವಾಟ್ ಡಿಡ್ ಷಿ ಕುಕ್?’ ಎಂದು ಬರೆಯುತ್ತಾರೆ. ಸರಿಯಾದ ರೂಪ ಕಣ್ಣಿಗೆ ಬಿದ್ದಂತಾಯಿತು, ಅಜ್ಜಿ ಮಾಡಿದ ಅಡುಗೆಯ ಬಗ್ಗೆ ನಾಳೆ ಬರೆಯಲು ವಿಷಯವೂ ಸಿಕ್ಕಿತು.

ಹಾಗೆಂದು ಇದೇ ಸರ್ವರೋಗಕ್ಕೂ ಮದ್ದು ಎಂದು ಬಗೆಯಬೇಕಿಲ್ಲ. ಬೆಂಗಳೂರು ಪ್ರಾಜೆಕ್ಟಿನ ಬಗ್ಗೆ ಆಲನ್ ಬೆರೆಟ್ಟಾ ಮತ್ತು ಆಲನ್ ಡೇವಿಸ್ ಮಾಡಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ಭಾಷೆಯನ್ನು ಬಳಸಿ ಅರ್ಥ ಮಾಡಿಕೊಳ್ಳುವ, ಕೆಲಸ ಸಾಧಿಸುವ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳು ಮುಂದಿದ್ದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಮಾಮೂಲಿ ತರಗತಿಯ ಮಕ್ಕಳದೇ ಮೇಲುಗೈ. ಆದ್ದರಿಂದ ವ್ಯಾಕರಣಕ್ಕೂ ಒಂದು ಪೀರಿಯಡ್ ಇರಲಿ. ಯಾವ ಪಾಠ ಬೇಕೆಂಬುದನ್ನು ಈ ಕಿರು ಉತ್ತರಗಳೇ ಹೇಳುತ್ತವೆ. ತರಗತಿಯ ಅರ್ಧಕ್ಕರ್ಧ ಮಕ್ಕಳು ಭೂತಕಾಲದಲ್ಲಿ ಎಡವಿದ್ದರೆ ಮರುದಿನದ ಪಾಠ ಅದೇ.

ಅರವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ಶಿಕ್ಷಕರು ಕೇಳಬಹುದು. ಎಲ್ಲರ ಪುಸ್ತಕವನ್ನೂ ದಿನವೂ ನೋಡಬೇಕಿಲ್ಲ. ದಿನಕ್ಕೆ ಹತ್ತು ಪುಸ್ತಕ ನೋಡಿದರೂ ಆರು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಆರಂಭದಲ್ಲಿ ‘ಐ ಥಿಂಕ್’, ‘ಬಿಕಾಸ್’ಗಳಂಥ ಊರುಗೋಲನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಸಾಕು. ಶಾಲೆ ಬಿಟ್ಟು ವರ್ಷಗಳಾದವರು ಮನೆಯಲ್ಲೇ ಒಂದು ನೋಟ್‌ಬುಕ್ ಇಟ್ಟು, ಪತ್ರಿಕೆಯ ಒಂದು ಸುದ್ದಿಗೆ ದಿನಕ್ಕೆ ಮೂರು ಸಾಲಿನ ಅಭಿಪ್ರಾಯ ಬರೆಯಬಹುದು.

ಕರ್ನಾಟಕದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಯಾವ ತರಗತಿಯಿಂದ ಕಲಿಸಬೇಕೆಂದು ನಾವು ಸಾಕಷ್ಟು ಜಗಳವಾಡಿದ್ದೇವೆ. ಹೇಗೆ ಕಲಿಸಬೇಕೆಂಬ ಚರ್ಚೆ ಅಷ್ಟಾಗಿ ನಡೆದಿಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗಿ ಕೆಲಸದ ಅರ್ಜಿಯಲ್ಲಿ ತನ್ನ ಬಗ್ಗೆ ಮೂರು ಸಾಲು ಬರೆಯಲಾಗದೆ ಕುಳಿತರೆ, ತಪ್ಪು ಅವಳದಲ್ಲ. ಅವಳನ್ನು ಅಷ್ಟು ವರ್ಷವೂ ಹಸುವಿನ ಬಗ್ಗೆ ಕೇಳಿದೆವೇ ಹೊರತು, ಅವಳ ಬಗ್ಗೆ ಕೇಳಲೇ ಇಲ್ಲ.