ಕಲ್ಲಿನಿಂದ ಉಕ್ಕಿಗೆ ಬಂದ ಲೆಕ್ಕ

ನುಣುಪಾಗಿ ಪಾಲಿಶ್ ಮಾಡಿದ ಉಕ್ಕಿನ ತುಣುಕನ್ನು ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ಕೆಲವು ಸೆಕೆಂಡು ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಒಂದೇ ಲೋಹವೆಂದುಕೊಂಡದ್ದರಲ್ಲಿ ಎರಡು ಬಗೆ ಕಾಣುತ್ತವೆ. ಬೆಳ್ಳಗಿರುವುದು ಮೆದುವಾದ ಫೆರೈಟ್, ಕಪ್ಪಗಿರುವುದು ಗಟ್ಟಿಯಾದ ಪರ್ಲೈಟ್. ಯಾವುದು ಎಷ್ಟು ಪಾಲಿದೆ ಎಂಬುದು ಉಕ್ಕಿನ ಬಲವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇಂದು ಆ ಪಾಲನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ಆದರೆ ಈ ಲೆಕ್ಕ ಹುಟ್ಟಿದ್ದು ಕಲ್ಲಿನಲ್ಲಿ.

ಫ್ರಾನ್ಸಿನ ಭೂವಿಜ್ಞಾನಿ ಅಶೀಲ್ ದೆಲೆಸ್ 1847ರಲ್ಲಿ ಒಂದು ಸರಳ ಸತ್ಯವನ್ನು ಮುಂದಿಟ್ಟ: ಶಿಲೆಯನ್ನು ಎಲ್ಲಿ ಕೊಯ್ದರೂ, ಕೊಯ್ದ ಮುಖದಲ್ಲಿ ಒಂದು ಖನಿಜ ಆವರಿಸಿದ ಜಾಗದ ಪಾಲು ಸರಾಸರಿಯಲ್ಲಿ ಇಡೀ ಶಿಲೆಯಲ್ಲಿ ಅದರ ಗಾತ್ರದ ಪಾಲಿಗೆ ಸಮ. ಅದನ್ನು ಅಳೆಯಲು ಆತ ಪಟ್ಟ ಶ್ರಮ ನನಗೆ ಬಹಳ ಇಷ್ಟ. ಉಜ್ಜಿದ ಕಲ್ಲಿನ ಮೇಲೆ ಎಣ್ಣೆಕಾಗದವಿಟ್ಟು ಖನಿಜಗಳ ಅಂಚು ಬರೆದು, ಅದನ್ನು ತವರದ ತೆಳುಹಾಳೆಗೆ ಅಂಟಿಸಿ, ಒಂದೊಂದೂ ಚೂರನ್ನು ಕತ್ತರಿಸಿ ತಕ್ಕಡಿಯಲ್ಲಿ ತೂಗಿದ!

ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸೋರ್ಬಿಯೇ 1863ರ ಸುಮಾರಿಗೆ ಆ ಕಣ್ಣನ್ನು ಉಕ್ಕಿನತ್ತ ತಿರುಗಿಸಿದ್ದು. ಇತ್ತ ಅಳತೆಯ ದಾರಿಯೂ ಹಗುರಾಗುತ್ತ ಬಂತು. 1898ರಲ್ಲಿ ಆಸ್ಟ್ರಿಯಾದ ರೋಸಿವಾಲ್, ಜಾಗದ ಬದಲು ಗೆರೆ ಎಳೆದು ಅದರ ಉದ್ದ ಅಳೆದರೆ ಸಾಕೆಂದ. 1930ರ ದಶಕದಲ್ಲಿ ರಷ್ಯಾದ ಗ್ಲಾಗೊಲೆವ್, ಗೆರೆಯೂ ಬೇಡ, ಚುಕ್ಕಿ ಎಣಿಸಿದರೆ ಸಾಕೆಂದ. ನೂರು ಚುಕ್ಕಿಗಳಲ್ಲಿ ಮೂವತ್ತು ಪರ್ಲೈಟಿನ ಮೇಲೆ ಬಿದ್ದರೆ, ಪರ್ಲೈಟ್ ಸುಮಾರು ಶೇ 30.

1960ರ ದಶಕದಲ್ಲಿ ಕೇಂಬ್ರಿಜ್ ಬಳಿ ತಯಾರಾದ ಕ್ವಾಂಟಿಮೆಟ್ ಎಂಬ ಯಂತ್ರ ಟಿ.ವಿ. ಕ್ಯಾಮೆರಾದ ಚಿತ್ರದಿಂದಲೇ ಅಳೆಯತೊಡಗಿತು. ಈಗ ವೇಯ್ನ್ ರಾಸ್ಬಂಡ್ ಅಮೆರಿಕದಲ್ಲಿ ರೂಪಿಸಿದ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಯಾವ ವಿದ್ಯಾರ್ಥಿಗೂ ಸಿಗುತ್ತದೆ. ಅದು ಮಾಡುವುದೂ ಚುಕ್ಕಿ ಎಣಿಕೆಯನ್ನೇ. ಚುಕ್ಕಿಗಳು ಮಾತ್ರ ಲಕ್ಷಗಟ್ಟಲೆ. ಚಿತ್ರದ ಈ ಚುಕ್ಕಿಗಳಿಗೆ ಸಾಮಾನ್ಯವಾಗಿ ಕಪ್ಪಿನಿಂದ ಬಿಳಿಯವರೆಗೆ 256 ಛಾಯೆಗಳಿರುತ್ತವೆ; ಎಲ್ಲೋ ಒಂದು ಕಡೆ ಗಡಿ ಹಾಕಿ, ಕೆಳಗಿನದೆಲ್ಲ ಪರ್ಲೈಟ್, ಮೇಲಿನದೆಲ್ಲ ಫೆರೈಟ್ ಎನ್ನುತ್ತದೆ.

ಆ ಗಡಿಯಲ್ಲೇ ಇರುವುದು ತೊಡಕೆಲ್ಲ. ಜಪಾನಿನ ಓಟ್ಸು 1979ರಲ್ಲಿ ಗಡಿಯನ್ನು ಗಣಿತದಿಂದಲೇ ಹುಡುಕುವ ವಿಧಾನ ಕೊಟ್ಟರೂ, ಚಿತ್ರವೇ ಕೆಟ್ಟಿದ್ದರೆ ಗಣಿತ ಏನು ಮಾಡೀತು? ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಪ್ಪು ಹರಡಿ ಪರ್ಲೈಟಿನ ಲೆಕ್ಕ ಏರುತ್ತದೆ. ಪಾಲಿಶ್‌ನ ಗೀರುಗಳೂ ಕಪ್ಪಿನ ಖಾತೆಗೇ ಸೇರುತ್ತವೆ.

ಇನ್ನೂ ದೊಡ್ಡ ಮೋಸ ವರ್ಧನೆಯದು. ಪರ್ಲೈಟ್ ಒಂದೇ ವಸ್ತುವಲ್ಲ, ಫೆರೈಟ್ ಮತ್ತು ಸಿಮೆಂಟೈಟ್‌ನ (ಕಬ್ಬಿಣ-ಇಂಗಾಲದ ಸಂಯುಕ್ತ) ತೆಳು ಪದರಗಳ ಜೋಡಣೆ. ಅದರ ತೂಕದಲ್ಲಿ ಸುಮಾರು ಶೇ 88 ಫೆರೈಟೇ. ಕಡಿಮೆ ವರ್ಧನೆಯಲ್ಲಿ ಇಡೀ ಪರ್ಲೈಟ್ ಕಪ್ಪಗೆ ಕಾಣುತ್ತದೆ. ವರ್ಧನೆ ಏರಿಸಿದರೆ ಪದರಗಳು ಬಿಡಿಬಿಡಿಯಾಗಿ, ಒಳಗಿನ ಬಿಳಿಯನ್ನು ತಂತ್ರಾಂಶ ಹೊರಗಿನ ಫೆರೈಟಿನ ಜೊತೆ ಸೇರಿಸಿಬಿಡುತ್ತದೆ. ನಿಧಾನವಾಗಿ ತಣಿಸಿದ, ಶೇ 0.4 ಇಂಗಾಲವಿರುವ ಉಕ್ಕಿನಲ್ಲಿ ಪರ್ಲೈಟ್ ಸರಿಸುಮಾರು ಅರ್ಧ ಇರಬೇಕು. ಪರದೆಯ ಮೇಲೆ ಶೇ 15 ಎಂದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಚಿತ್ರವನ್ನು, ಉಕ್ಕನ್ನಲ್ಲ.

ಆದ್ದರಿಂದ ಪ್ರಯೋಗಾಲಯದ ಗೆಳೆಯರಲ್ಲಿ ಒಂದು ಮನವಿ: ವರದಿಯಲ್ಲಿ ಶೇಕಡಾ ಅಂಕಿಯೊಂದನ್ನೇ ಬರೆದು ಮುಗಿಸಬೇಡಿ. ಎಷ್ಟು ವರ್ಧನೆ, ಯಾವ ಆಮ್ಲ, ಮಾದರಿಯ ಎಷ್ಟು ಕಡೆ ನೋಡಿದಿರಿ, ಗಡಿ ಎಲ್ಲಿ ಹಾಕಿದಿರಿ ಎಂಬುದನ್ನೂ ಬರೆಯಿರಿ. ಮೂಲ ಚಿತ್ರವನ್ನು ಜೊತೆಗೇ ಲಗತ್ತಿಸಿ.