ಲಗ್ನದ ಮನೆಗೆ ಬರೋ ‘ಮೊಬೈಲ್ ಬಾರ್’: ಬಾಟಲಿ ತಿರುಗಿಸೋದಲ್ಲ, ಐಸ್ ಉಳಿಸೋದೇ ದೊಡ್ಡ ಕೆಲಸ

ಜೇವರ್ಗಿಯಿಂದ ನಾನು ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ದಂಧೆ ಶುರು ಮಾಡಬೇಕು ಅಂತ ಮನಸ್ಸಿನಾಗ ಇಟ್ಟುಕೊಂಡವರಿಗೆ.

ಬಿ.ಕಾಂ. ಮುಗಿಸಿದ ಜೂನಿಯರ್ ಒಬ್ಬ ಫೋನ್ ಮಾಡಿ ಕೇಳಿದ: “ಅಣ್ಣಾ, ಬೆಂಗಳೂರಿನಾಗ ಫಂಕ್ಷನ್‌ಗೆ ಮೊಬೈಲ್ ಬಾರ್ ಬರ್ತದಲ್ಲ, ಬಾಟಲಿ ಮ್ಯಾಲೆ ಹಾರಿಸಿ ಹಿಡಿತಾರಲ್ಲ, ಅದನ್ನ ನಮ್ಮ ಕಡೆ ಲಗ್ನಕ್ಕ ತರಬಹುದೇನು? ಎಷ್ಟು ರೊಕ್ಕ ಬೇಕು?” ಬಾಟಲಿ ಹಾರಿಸೋದನ್ನ ರೀಲ್ಸ್ ನೋಡಿ ಕಲೀಬಹುದು. ಆದ್ರ ಏಪ್ರಿಲ್ ತಿಂಗಳ ಮಧ್ಯಾಹ್ನ, 40 ಡಿಗ್ರಿ ದಾಟಿದ ಬಿಸಿಲಿನಾಗ, 500 ಮಂದಿಗೆ ತಣ್ಣಗಿರೋ, ಹೊಟ್ಟೆ ಕೆಡಿಸದ ಒಂದು ಗ್ಲಾಸ್ ಕೊಡೋದು ಬೇರೆ ವಿದ್ಯೆ. ಈ ದಂಧೆ ಅರ್ಧಕ್ಕಿಂತ ಹೆಚ್ಚು ಸಾಗಾಟದ ದಂಧೆ. ಅದನ್ನೇ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಕಾನೂನು

‘ಬಾರ್’ ಅಂದ ಕೂಡಲೇ ಮದ್ಯ ಅಂತ ತಿಳೀತಾರ. ಮದ್ಯ ಕೊಡೋದಾದ್ರ 1965ರ ಕರ್ನಾಟಕ ಅಬಕಾರಿ ಕಾಯ್ದೆ ಅಡ್ಡ ಬರ್ತದ. ಖಾಸಗಿ ಸಮಾರಂಭಕ್ಕೆ ಅಬಕಾರಿ ಇಲಾಖೆಯಿಂದ ಸಿಎಲ್-5 ಅನ್ನೋ ಸಾಂದರ್ಭಿಕ ಲೈಸೆನ್ಸ್ ತಗೋಬೇಕು. ಅದು ಆ ದಿನಕ್ಕೆ, ಆ ಜಾಗಕ್ಕೆ ಮಾತ್ರ. ನಿಮ್ಮ ಹತ್ತಿರ ಟೇಬಲ್, ಶೇಕರ್, ಐಸ್ ಬಾಕ್ಸ್ ಎಲ್ಲ ಇದ್ದರೂ ಮದ್ಯ ಮಾರೋ ಹಕ್ಕು ಅದರಿಂದ ಬರೋದಿಲ್ಲ. ದೊಡ್ಡ ಊರುಗಳಾಗ ಈ ಕೆಲಸ ಮಾಡೋರಲ್ಲೂ ಬಹಳಷ್ಟು ಮಂದಿ ಮಾರೋದು ತಮ್ಮ ಕೈಕೆಲಸ ಮತ್ತು ಸಾಮಾನಿನ ಬಾಡಿಗೆ ಅಷ್ಟೇ. ಮದ್ಯ, ಲೈಸೆನ್ಸ್ ಎರಡೂ ಸಮಾರಂಭ ಇಟ್ಟವರ ಹೊಣೆ.

ನಮ್ಮ ಕಡೆ ಲಗ್ನದಾಗ ಹಿರಿಯರು, ಸ್ವಾಮಿಗಳು, ಹೆಣ್ಣುಮಕ್ಕಳು, ಸಣ್ಣ ಹುಡುಗರು ಒಂದೇ ಮಂಟಪದಾಗ ಇರ್ತಾರ. ಅಲ್ಲಿ ಮದ್ಯದ ಮಾತೇ ಬರೋದಿಲ್ಲ. ಹಂಗಾಗಿ ಜೇವರ್ಗಿ, ಅಫಜಲಪುರ, ಆಳಂದ ಕಡೆ ನಡೆಯೋದು ಮಾಕ್‌ಟೇಲ್ ಕೌಂಟರ್: ಪುದೀನ-ನಿಂಬು ಸೋಡಾ, ಜಲಜೀರಾ, ಮಸಾಲಾ ಮಜ್ಜಿಗೆ. ಇದಕ್ಕೂ ಕಾಗದ ಬೇಕ್ರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ಸಣ್ಣ ವ್ಯಾಪಾರಿಯೂ ನೋಂದಣಿ ಮಾಡಿಸಬೇಕು. ಫಾಸ್ಕಾಸ್ ಅನ್ನೋ ಪೋರ್ಟಲ್‌ನಾಗ ಮೊಬೈಲ್‌ನಿಂದಲೇ ಅರ್ಜಿ ಹಾಕಬಹುದು. ಮೊದಲನೇ ಬುಕಿಂಗ್ ಹಿಡಿಯೋಕಿಂತ ಮೊದಲೇ ಇದನ್ನ ಮುಗಿಸಿಕೊಳ್ರಿ.

ಐಸಿನ ಲೆಕ್ಕ

ಈಗ ಕ್ಯಾಲ್ಕುಲೇಟರ್ ತಗೊಳ್ರಿ. 500 ಮಂದಿ, ಒಬ್ಬೊಬ್ಬರಿಗೆ 200 ಮಿ.ಲೀ. ಅಂದ್ರ 100 ಲೀಟರ್ ಪಾನೀಯ. ನೆರಳಿನಾಗ ಇಟ್ಟ ನೀರು 35 ಡಿಗ್ರಿ ಅದ ಅಂದುಕೊಳ್ಳೋಣ, ಅದನ್ನ 5 ಡಿಗ್ರಿಗೆ ಇಳಿಸಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಇಳಿಯಲಿಕ್ಕೆ ಒಂದು ಕಿಲೋಕ್ಯಾಲರಿ ಶಾಖ ತೆಗೀಬೇಕು. 100 ಲೀಟರ್, 30 ಡಿಗ್ರಿ, ಒಟ್ಟು 3,000 ಕಿಲೋಕ್ಯಾಲರಿ. ಒಂದು ಕೆ.ಜಿ. ಐಸ್ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಎಳೆದುಕೊಳ್ತದ. ಭಾಗಿಸಿದ್ರ ಹತ್ತಿರ ಹತ್ತಿರ 37 ಕೆ.ಜಿ. ಐಸ್ ಬರೀ ತಣ್ಣಗ ಮಾಡಲಿಕ್ಕೇ ಹೋಯ್ತು.

ಖರ್ಚಿಗಿಂತ ದೊಡ್ಡ ತೊಂದರೆ ರುಚಿಯದು. ಆ 37 ಕೆ.ಜಿ. ಎಲ್ಲಿ ಹೋಯ್ತು? ನೀರಾಗಿ ನಿಮ್ಮ ಶರಬತ್ತಿನೊಳಗೇ ಸೇರಿತು. 100 ಲೀಟರಿಗೆ 37 ಲೀಟರ್ ನೀರು ಕೂಡಿಸಿದಂಗಾಯ್ತು. ಹುಳಿ ಇಲ್ಲ, ಉಪ್ಪಿಲ್ಲ, ಸಪ್ಪೆ. ಬೀಗರು ಒಂದು ಗುಟುಕು ಕುಡಿದು ಗ್ಲಾಸ್ ಕೆಳಗ ಇಡ್ತಾರ.

ಅದಕ್ಕ ಅನುಭವ ಇದ್ದವರು ಹಿಂದಿನ ರಾತ್ರಿಯೇ ಶರಬತ್ತು, ಸೋಡಾ ಬಾಟಲಿ ಎಲ್ಲ ಫ್ರೀಜರ್‌ನಾಗ ಇಟ್ಟು 10 ಡಿಗ್ರಿಗೆ ಇಳಿಸಿಕೊಂಡೇ ಮನೆ ಬಿಡ್ತಾರ. ಆಗ ಮಂಟಪದಾಗ ಇಳಿಸಬೇಕಾದ್ದು ಬರೀ 5 ಡಿಗ್ರಿ, ಬೇಕಾಗೋದು ಸುಮಾರು 6 ಕೆ.ಜಿ. ಐಸ್. ಗ್ಲಾಸಿಗೆ 100 ಗ್ರಾಂನಂತೆ ಹಾಕೋ ಐಸ್ 50 ಕೆ.ಜಿ. ಎರಡೂ ಸೇರಿ 56. ದಾರಿಯಾಗ, ಬಾಕ್ಸ್ ತೆಗೆದು ಹಾಕೋದ್ರಾಗ ಕರಗೋದಕ್ಕ ಅರ್ಧದಷ್ಟು ಹೆಚ್ಚಿಗೆ ಹಿಡಿದ್ರ 85 ಕೆ.ಜಿ. ಸಾಕು. ಮೊದಲೇ ತಂಪು ಮಾಡದಿದ್ದರೆ ಇದೇ ಲೆಕ್ಕ 130 ಕೆ.ಜಿ. ಮುಟ್ತದ.

ಐಸ್ ಕಲಬುರಗಿಯಿಂದ ತರೋದಾದ್ರ ಜೇವರ್ಗಿಗೆ ಸುಮಾರು 40 ಕಿ.ಮೀ. ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆ ದಾಟಿ ರಾಷ್ಟ್ರೀಯ ಹೆದ್ದಾರಿ 50ರಾಗ ಒಂದು ತಾಸಿನ ದಾರಿ. ಲಗ್ನ ಇನ್ನೂ ಒಳಗಿನ ಹಳ್ಳಿಯಾಗ ಇದ್ರ ಮತ್ತೊಂದು ತಾಸು. ಬೆಳಿಗ್ಗೆ ಬಿಸಿಲೇರೋ ಮೊದಲು ಈ ಓಡಾಟ ಮುಗೀಬೇಕು. ದೊಡ್ಡ ಬ್ಲಾಕ್ ನಿಧಾನ ಕರಗ್ತದ, ಪುಡಿ ಐಸ್ ಜಲ್ದಿ ಕರಗ್ತದ. ಯಾಕಂದ್ರ ತುಂಡು ಸಣ್ಣದಾದಷ್ಟು ಗಾಳಿಗೆ ತಾಗೋ ಮೈ ಹೆಚ್ಚು. ಹಂಗಾಗಿ ದಾರಿಗೆ ಬ್ಲಾಕ್, ಗ್ಲಾಸಿಗೆ ಕ್ಯೂಬ್. ಬ್ಲಾಕ್ ಐಸ್ ಬಾಟಲಿ ತಂಪಿಡಲಿಕ್ಕೆ ಮಾತ್ರ, ಕುಡಿಯೋ ಗ್ಲಾಸಿಗೆ ಒಡೆದು ಹಾಕಬ್ಯಾಡ್ರಿ. ಬಾಕ್ಸ್ ದಪ್ಪ ಗೋಡೆಯದಿರಲಿ, ಕೆಳಗ ನೀರು ಬಿಡೋ ತೂತಿರಲಿ, ಮ್ಯಾಲೆ ಗೋಣಿತಟ್ಟು ಹೊಚ್ಚಿರಲಿ. ಎರಡು ಬಾಕ್ಸ್ ಬೇಕೇ ಬೇಕು: ಒಂದು ಪದೇ ಪದೇ ತೆಗೆಯೋದು, ಇನ್ನೊಂದು ಮೊದಲನೇದು ಖಾಲಿಯಾಗೋತನಕ ಮುಟ್ಟಬಾರದ್ದು.

ಒಂದು ಎಚ್ಚರಿಕೆ. ಸಿಗೋ ಐಸ್ ಎಲ್ಲ ಕುಡಿಯೋ ನೀರಿನದೇ ಇರ್ತದ ಅಂತಿಲ್ಲ. ತಿನ್ನಲಾಗದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಿಯಮ ಮಾಡಿದೆ. ನೀಲಿ ಛಾಯೆ ಕಂಡ್ರ ತಗೋಬ್ಯಾಡ್ರಿ. ಬಿಳಿ ಇದ್ರೂ ಯಾವ ನೀರಿನದು ಅಂತ ಕೇಳ್ರಿ, ಬಿಲ್ ಇಸಗೊಳ್ರಿ.

ಎಷ್ಟು ಸೆಕೆಂಡಿಗೆ ಒಂದು ಗ್ಲಾಸ್?

ಅಕ್ಕಿಕಾಳು ಬಿದ್ದ ಮ್ಯಾಲೆ ಏನಾಗ್ತದ ನಿಮಗೆ ಗೊತ್ತೇ ಅದ. ಎಲ್ಲರೂ ಒಮ್ಮೆಗೇ ಏಳ್ತಾರ. ಅರ್ಧ ತಾಸಿನಾಗ 300 ಮಂದಿ ಕೌಂಟರ್ ಮುಂದ ಬಂದ್ರು ಅನ್ನೋಣ. ಪುದೀನ ಜಜ್ಜಿ, ನಿಂಬಿ ಹಿಂಡಿ, ಶೇಕ್ ಮಾಡಿ ಕೊಡಲಿಕ್ಕೆ ಒಂದು ಗ್ಲಾಸಿಗೆ 40 ಸೆಕೆಂಡ್ ಹಿಡಿದ್ರ, ಇಬ್ಬರು ಕೈ ಬಿಡದೆ ದುಡಿದ್ರೂ ಅರ್ಧ ತಾಸಿನಾಗ 90 ಗ್ಲಾಸ್. ಉಳಿದ 210 ಮಂದಿ ಬಿಸಿಲಿನಾಗ ನಿಂತಿರ್ತಾರ. ಅದೇ ಮೊದಲೇ ಕಲಸಿಟ್ಟ ಶರಬತ್ತು, ನಲ್ಲಿ ಇರೋ ಡಿಸ್ಪೆನ್ಸರ್ ಇದ್ರ ಒಂದು ಗ್ಲಾಸಿಗೆ 8 ಸೆಕೆಂಡ್. ಎರಡು ನಲ್ಲಿಯಿಂದ ಅರ್ಧ ತಾಸಿಗೆ 450.

ಅದಕ್ಕ ಮೆನು ಮೂರೇ ಇರಲಿ: ಎರಡು ನಲ್ಲಿಯಿಂದ ಬರೋದು, ಒಂದು ಕಣ್ಣ ಮುಂದ ಮಾಡಿಕೊಡೋದು. ಬಾಟಲಿ ಹಾರಿಸೋ ಆಟ ಆ ಮೂರನೇದಕ್ಕೆ ಮಾತ್ರ. ಪಾಕ, ಜೀರಿಗೆ ಪುಡಿ, ಕಪ್ಪುಪ್ಪು ಎಲ್ಲ ಮನೆಯಾಗೇ ಅಳತೆ ಮಾಡಿ ಪೊಟ್ಟಣ ಕಟ್ಟಿಡ್ರಿ. ನಿಂಬಿಕಾಯಿ ರೇಟ್ ಬ್ಯಾಸಗಿಯಾಗ ಏರ್ತದ. ಪಕ್ಕದ ಇಂಡಿ ತಾಲ್ಲೂಕು ನಿಂಬಿಗೆ ಹೆಸರಾದ ಜಾಗ, ಅಲ್ಲಿನ ವ್ಯಾಪಾರಿ ಒಬ್ಬರ ಪರಿಚಯ ಇಟ್ಟುಕೊಂಡ್ರ ಹಗುರಾಗ್ತದ. ಸೋಡಾ ಬಿಸಿಯಾದ್ರ ಗ್ಯಾಸ್ ಹಿಡಿದಿಡೋದಿಲ್ಲ, ತೆಗೆದ ಕೂಡಲೇ ಉಕ್ಕಿ ಹೋಗ್ತದ. ತಣ್ಣಗಿದ್ದ ಬಾಟಲಿಯನ್ನೇ ತೆಗೀರಿ.

ಮಜ್ಜಿಗೆ, ಹಾಲಿನ ಪಾನೀಯಕ್ಕೆ ಬೇರೆಯದೇ ನಿಯಮ. ಅವು ಐಸ್ ಬಾಕ್ಸಿನಿಂದ ನೇರ ಗ್ಲಾಸಿಗೆ ಬರಬೇಕು. ಇಂಥ ಬಿಸಿಲಿನಾಗ ಒಂದು ತಾಸು ಹೊರಗಿದ್ದದ್ದನ್ನ ಚೆಲ್ರಿ. ಒಂದು ಬಕೆಟ್ ಮಜ್ಜಿಗೆ ಹೋದ್ರ ಹೋಗ್ಲಿ. ಲಗ್ನದ ಮರುದಿನ ಐವತ್ತು ಮಂದಿಗೆ ವಾಂತಿ-ಭೇದಿ ಆದ್ರ, ಆ ಊರಾಗ ನಿಮ್ಮ ದಂಧೆ ಅಲ್ಲಿಗೇ ಮುಗೀತು.

ನೀರು ಮತ್ತು ಗ್ಲಾಸ್

ನೀರು ಎರಡು ನಮೂನಿ: ಕುಡಿಯೋದು, ತೊಳೆಯೋದು. ಕುಡಿಯೋದಕ್ಕ 20 ಲೀಟರ್ ಜಾರ್. ತೊಳೆಯೋದಕ್ಕ ಡ್ರಮ್. ತೊಳೆದ ಹೊಲಸು ನೀರು ಹೋಗಲಿಕ್ಕೆ ಇನ್ನೊಂದು ಖಾಲಿ ಡ್ರಮ್. ಮೂರನೇದನ್ನ ಮರೆತ್ರ ಕೌಂಟರ್ ಹಿಂದ ಕೆಸರು, ನೊಣ.

ಪ್ಲಾಸ್ಟಿಕ್ ಗ್ಲಾಸ್, ಸ್ಟ್ರಾ ವಿಚಾರ ಬ್ಯಾಡೇ ಬ್ಯಾಡ. 2022ರ ಜುಲೈ 1ರಿಂದ ದೇಶದಾಗ ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್ ಲೋಟ, ಸ್ಟ್ರಾ ನಿಷೇಧ ಆಗ್ಯಾವ. ಉಳಿದದ್ದು ಕಾಗದದ ಕಪ್ ಇಲ್ಲಾ ಸ್ಟೀಲ್, ಗಾಜಿನ ಗ್ಲಾಸ್. ಗಾಜು ಫೋಟೋದಾಗ ಚಂದ, ಹಳ್ಳಿ ರೋಡಿನಾಗ ಕಷ್ಟ. ಶಾಮಿಯಾನಾ ಅಂಗಡಿಯಾಗ ಸ್ಟೀಲ್ ಗ್ಲಾಸ್ ಬಾಡಿಗೆಗೆ ಸಿಗ್ತಾವ. ತೊಳೀಲಿಕ್ಕೆ ಮೂರು ಟಬ್ ಇಡ್ರಿ: ಸೋಪಿನ ನೀರು, ಸ್ವಚ್ಛ ನೀರು, ಕೊನೆಗೆ ಕ್ಲೋರಿನ್ ಹಾಕಿದ ನೀರು. ಒಂದೇ ಬಕೆಟ್‌ನಾಗ ಅದ್ದಿ ತೆಗೆದ್ರ ಒಬ್ಬರ ಎಂಜಲು ಎಲ್ಲರಿಗೂ ಹಂಚಿದಂಗ.

ಕರೆಂಟ್

750 ವ್ಯಾಟ್‌ನ ಎರಡು ಮಿಕ್ಸರ್, 200 ವ್ಯಾಟ್‌ನ ಒಂದು ಫ್ರೀಜರ್, 100 ವ್ಯಾಟ್ ಲೈಟ್. ಒಟ್ಟು 1,800 ವ್ಯಾಟ್. “2 ಕೆವಿಎ ಜನರೇಟರ್ ಸಾಕು” ಅಂತ ಅನಿಸ್ತದ, ಆದ್ರ 2 ಕೆವಿಎಯಿಂದ ಸಾಮಾನ್ಯವಾಗಿ ಸಿಗೋದು 1,600 ವ್ಯಾಟ್. ಮೇಲಾಗಿ ಫ್ರೀಜರ್ ಶುರುವಾಗೋ ಕ್ಷಣದಾಗ ತನ್ನ ಲೆಕ್ಕಕ್ಕಿಂತ ಹಲವು ಪಟ್ಟು ಎಳೀತದ. 3 ಕೆವಿಎ ತಗೊಳ್ರಿ, ಇಲ್ಲಾ ಒಂದು ಮಿಕ್ಸರ್ ಕಡಿಮಿ ಮಾಡ್ರಿ.

ಮಂಟಪದ ಜನರೇಟರ್‌ನಿಂದ ವೈರ್ ಎಳೆದ್ರ ಡಿಜೆ ಬಾಕ್ಸ್ ಗುಡುಗಿದಾಗೆಲ್ಲ ನಿಮ್ಮ ಮಿಕ್ಸರ್ ನರಳ್ತದ. ಬೇರೆ ಲೈನ್ ಕೇಳ್ರಿ. ನಿಮ್ಮ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸ್ರಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್ ಅದು. ಒದ್ದಿ ಕೈ, ಒದ್ದಿ ನೆಲ, ಕಬ್ಬಿಣದ ಟೇಬಲ್ ಮೂರೂ ಕೂಡೋ ಜಾಗದಾಗ ಇದು ಜೀವ ಉಳಿಸ್ತದ.

ಹೊಗೆ ಬ್ಯಾಡ

ಗ್ಲಾಸಿನಿಂದ ಬಿಳಿ ಹೊಗೆ ಬರೋ ಪಾನೀಯ ಇನ್‌ಸ್ಟಾದಾಗ ಭಾಳ ಓಡ್ತದ. ಆ ಹೊಗೆ ಬರೋದು ದ್ರವ ಸಾರಜನಕದಿಂದ, ಅದರ ತಾಪ ಮೈನಸ್ 196 ಡಿಗ್ರಿ. ಇಲ್ಲಾ ಡ್ರೈ ಐಸ್‌ನಿಂದ, ಅದು ಮೈನಸ್ 78. 2024ರಲ್ಲಿ ಬೆಂಗಳೂರಿನ ಒಂದು ಲಗ್ನದ ಸಮಾರಂಭದಾಗ ಇಂಥ ಹೊಗೆಯ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಗೆ ತೂತು ಬಿದ್ದು ಆಪರೇಷನ್ ಮಾಡಬೇಕಾಯ್ತು. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಹಾರದಾಗ ಹೊಗೆಗಾಗಿ ದ್ರವ ಸಾರಜನಕ ಬಳಸೋದಕ್ಕ ತಡೆ ಹಾಕಿತು. ಬೀಗರು ಎಷ್ಟೇ ಒತ್ತಾಯ ಮಾಡಲಿ, ಆಗೋದಿಲ್ಲ ಅನ್ರಿ. ನಿಮ್ಮ ಕೌಂಟರ್ ಮುಂದ ಎಲ್ಲರಿಗಿಂತ ಮೊದಲು ಬಂದು ನಿಲ್ಲೋರು ಹುಡುಗರೇ.

ಗಾಡಿ ಮತ್ತು ರೊಕ್ಕ

ತೂಕ ಕೂಡಿಸ್ರಿ. ಐಸ್ 85, ಹತ್ತು ಜಾರ್ ನೀರು 200, ಶರಬತ್ತು-ಸೋಡಾ 100, ಟೇಬಲ್, ಬಾಕ್ಸ್, ಜನರೇಟರ್ ಸೇರಿ ಇನ್ನೊಂದು 150. ಅಲ್ಲಿಗೆ 535 ಕೆ.ಜಿ. ಗೂಡ್ಸ್ ಆಟೋಕ್ಕೆ ಭಾರ, ಛೋಟಾ ಹಾಥಿಗೆ ಆರಾಮ. ಗಾಡಿ ತುಂಬುವಾಗ ಇಳಿದ ಕೂಡಲೇ ಬೇಕಾಗೋ ಟೇಬಲ್ ಕೊನೆಗೆ ಏರಿಸ್ರಿ. ಐಸ್ ಬಾಕ್ಸ್ ನೆರಳಿರೋ ಒಳಬದಿಗೆ.

ಈಗ ಕಾಮರ್ಸ್ ಮಾತು. ಈ ಸಂಖ್ಯೆ ಬರೀ ಉದಾಹರಣೆಗೆ. ಸಾಮಾನಿಗೆ 1,20,000 ಹಾಕಿದ್ರಿ, ಎಲ್ಲ ಖರ್ಚು ಕಳೆದು ಒಂದು ಲಗ್ನಕ್ಕೆ 6,000 ಉಳೀತದ ಅಂದ್ರ, ಹಾಕಿದ್ದು ವಾಪಸ್ ಬರಲಿಕ್ಕೆ 20 ಲಗ್ನ ಬೇಕು. 20 ಏನು ದೊಡ್ಡದಲ್ಲ ಅನಿಸ್ತದ. ಆದ್ರ ಒಳ್ಳೆ ಮುಹೂರ್ತ ಇದ್ದ ದಿನ ಹತ್ತು ಊರಾಗ ಹತ್ತು ಲಗ್ನ ಇರ್ತಾವ, ನಿಮ್ಮ ಕೌಂಟರ್ ಇರೋದು ಒಂದೇ. ಆಷಾಢ ಬಂದ್ರ ಲಗ್ನವೇ ಇಲ್ಲ. ಅದಕ್ಕ ಮೊದಲನೇ ಸೀಸನ್ ಜನರೇಟರ್, ಫ್ರೀಜರ್, ಗ್ಲಾಸ್, ಗಾಡಿ ಬಾಡಿಗೆಗೆ ತಗೊಳ್ರಿ. ಸ್ವಂತಕ್ಕೆ ಕೊಳ್ಳೋದು ಐಸ್ ಬಾಕ್ಸ್, ಡಿಸ್ಪೆನ್ಸರ್, ಆರ್‌ಸಿಸಿಬಿ ಬೋರ್ಡ್. ಸೀಸನ್ ಮುಗಿದ ಮ್ಯಾಲೆ ಪುಸ್ತಕ ತೆರೆದು ಎಷ್ಟು ಬುಕಿಂಗ್ ಬಂತು ಅಂತ ನೋಡಿ ಉಳಿದದ್ದನ್ನ ಕೊಳ್ರಿ.

ರೇಟ್ ಹೇಳುವಾಗ ‘ತಲೆಗೆ ಇಷ್ಟು’ ಅನ್ನೋದರ ಜೊತೆ ‘ಕಮ್ಮಿ ಅಂದ್ರೂ ಇಷ್ಟು ಮಂದಿ’ ಅಂತ ಬರೆಸಿಕೊಳ್ರಿ. 500 ಅಂದು 300 ಬಂದ್ರೂ ಐಸ್ ಕರಗೋದು 500ರದೇ. ಅಡ್ವಾನ್ಸ್ ಐಸಿನ, ಹಣ್ಣಿನ, ಗಾಡಿಯ ಖರ್ಚನ್ನಾದ್ರೂ ಮುಚ್ಚಬೇಕು.

ಬುಕಿಂಗ್ ಫೋನ್ ಬಂದಾಗ ಕೇಳಬೇಕಾದ ಐದು ಪ್ರಶ್ನೆ ಬರ್ಕೊಳ್ರಿ. ಅಕ್ಕಿಕಾಳು ಎಷ್ಟು ಗಂಟೆಗೆ? ಕೌಂಟರ್ ಇಡೋ ಜಾಗದಾಗ ನೆರಳು ಅದ ಏನು? ನೀರು ಎಲ್ಲಿಂದ? ಕರೆಂಟ್ ಲೈನ್ ಯಾರದು? ಗಾಡಿ ಎಲ್ಲಿತನಕ ಬರ್ತದ? ಇಷ್ಟಕ್ಕೂ ಉತ್ತರ ಸಿಕ್ಕ ಮ್ಯಾಲೇ ರೇಟ್ ಹೇಳ್ರಿ.

ನಿಮ್ಮ ಊರಾಗ ಯಾರಾದ್ರೂ ಇಂಥ ಕೌಂಟರ್ ನಡೆಸ್ತಿದ್ರ ಅವರ ಐಸಿನ ಲೆಕ್ಕ ನನಗ ವಾಯ್ಸ್ ನೋಟ್ ಮಾಡಿ ಕಳಿಸ್ರಿ, ಮುಂದಿನ ಸಂಚಿಕೆಯಾಗ ಹೋಲಿಸಿ ನೋಡೋಣ. ಬಿಸಿಲಿನಾಗ ನೀರು ಕುಡೀತಾ ಇರ್ರಿ. ಬರ್ತೀನ್ರಿ.