ಲಂಚ: ಕೊಡುವ ಕೈಗೂ ಲೆಕ್ಕವಿದೆ

ಮದ್ರಸ ಬಿಟ್ಟ ಮೇಲೆ ತಾಯಿಯೊಬ್ಬರು ಬಾಗಿಲಲ್ಲಿ ನಿಂತಿದ್ದರು. "ಉಸ್ತಾದರೇ, ಮನೆ ಹಕ್ಕುಪತ್ರಕ್ಕೆ ಐದು ಸಾವಿರ ಕೇಳ್ತಿದ್ದಾರೆ. ಕೊಡದಿದ್ರೆ ಫೈಲ್ ಮೇಲೆ ಹೋಗಲ್ಲವಂತೆ. ಕೊಟ್ರೆ ನನಗೆ ಹರಾಮಾ?" ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು. ನಮಗೆ ತಕ್ಷಣ ಉತ್ತರ ಹೊರಡಲಿಲ್ಲ. ಚಹಾ ಕಾಸು ಅಂತ ನಾವೂ ಒಮ್ಮೆ ಕೊಟ್ಟು ಬಂದವರೇ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಬಡವರಿಗೆ ಕಾಗದವೇ ದೊಡ್ಡ ಚಿಂತೆ. 94ಸಿ, ಬಗರ್‌ಹುಕುಂ, ಶರಾವತಿ ಮುಳುಗಡೆ ಜಮೀನು, ಎಲ್ಲದಕ್ಕೂ ಒಂದು ಸಹಿ ಬೇಕು. ಒಂದು ಸಹಿಗೆ ಮೂರು ಸಲ ಬಸ್ಸು ಹತ್ತಿದರೆ ಮೂರು ದಿನದ ಕೂಲಿ ಹೋಯಿತು. ದುಡ್ಡು ಕೊಟ್ಟವರ ಫೈಲ್ ಮೇಲೆ ಬಂದಾಗ, ಕೊಡಲಾಗದವರ ಫೈಲ್ ಅಡಿಗೆ ಬೀಳುತ್ತದೆ. ನಾವು ಕೊಟ್ಟ ಲಂಚಕ್ಕೆ ಪೆಟ್ಟು ತಿನ್ನುವವರು ನಮಗಿಂತ ಬಡವರು.

ಲಂಚ ಕೊಡುವವರು, ತಿನ್ನುವವರು ಇಬ್ಬರನ್ನೂ ಪ್ರವಾದಿ (ಸ) ಶಪಿಸಿದ್ದಾರೆಂದು ಹದೀಸ್‌ನಲ್ಲಿದೆ. ತನ್ನದೇ ಹಕ್ಕು ಪಡೆಯಲು ಬೇರೆ ದಾರಿಯೇ ಇಲ್ಲದೆ ಕೊಟ್ಟರೆ ಪಾಪ ತಿಂದವರ ಮೇಲೆ ಎಂದು ಹಲವು ವಿದ್ವಾಂಸರು ಹೇಳಿದ್ದಾರೆ, ನಿಜ. ಆದರೆ ಬೇರೆ ದಾರಿಯಿಲ್ಲ ಅನ್ನುವ ಮೊದಲು ಇರುವ ದಾರಿಯಲ್ಲಿ ನಾವು ನಡೆದು ನೋಡಿದ್ದೇವಾ?

ದಾರಿಗಳು ಇವೆ. 2012ರಿಂದ ಸಕಾಲ ಇದೆ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗೆ ಅರ್ಜಿ ಕೊಟ್ಟರೆ ಸ್ವೀಕೃತಿ ಸಂಖ್ಯೆ ಸಿಗುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿಗೆ ಅರ್ಜಿ ಹಾಕಬಹುದು, ಬಿಪಿಎಲ್‌ನವರಿಗೆ ಶುಲ್ಕವಿಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಲಿ.

ನೇರವಾಗಿ ದುಡ್ಡು ಕೇಳಿದರೆ ಲೋಕಾಯುಕ್ತ ಪೊಲೀಸರಿದ್ದಾರೆ. 2016ರಲ್ಲಿ ಬಂದ ಎಸಿಬಿಯನ್ನು 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಅವರಿಗೇ ಬಂದಿದೆ. ದೂರು ಕೊಟ್ಟರೆ ನೋಟಿಗೆ ಪುಡಿ ಸವರಿ ಕಳಿಸುತ್ತಾರೆ. ಮುಟ್ಟಿದವನ ಕೈ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಮಾತು ಮನೆಮಂದಿಗೆಲ್ಲ ಗೊತ್ತಿರಲಿ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ.

"ದೊಡ್ಡವರ ಎದುರು ನಾವೆಷ್ಟರವರು" ಅನ್ನುತ್ತೇವೆ. 1951ರಲ್ಲಿ ಸಾಗರದ ಕಾಗೋಡಿನ ಗೇಣಿದಾರರೂ ಸಣ್ಣವರೇ. ಗೇಣಿ ಭತ್ತ ಅಳೆಯುವ ಕೊಳಗ ಸರಿಯಿಲ್ಲ ಎಂದು ಎದ್ದು ನಿಂತರು, ಜೈಲಿಗೂ ಹೋದರು. ಅವರ ಜೊತೆ ನಿಂತ ತೀರ್ಥಹಳ್ಳಿ ಆರಗದ ಶಾಂತವೇರಿ ಗೋಪಾಲಗೌಡರನ್ನು ಮರುವರ್ಷವೇ ಸಾಗರ-ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನ್‌ನಲ್ಲಿ ಒಂದು ಸೂರಾವೇ ಇದೆ, ಅಲ್ ಮುತಫ್ಫಿಫೀನ್. ಸರಕಾರದ ಸಂಬಳ ಪಡೆದು ಜನರ ಕೈಯಿಂದ ಮತ್ತೊಮ್ಮೆ ಅಳೆದುಕೊಳ್ಳುವುದೂ ಮೋಸದ ಕೊಳಗವೇ.

ಆ ತಾಯಿಗೆ ನಾವು ಕಡೆಗೆ ಹೇಳಿದ್ದು, "ಸದ್ಯ ಕೊಡಬೇಡಿ ಉಮ್ಮಾ, ಅರ್ಜಿ ಬರೆಯೋಣ" ಅಂತ. ಫೈಲ್ ಯಾವ ದಿನ ಬಂತು, ಯಾರ ಮೇಜಿನಲ್ಲಿದೆ, ಯಾಕೆ ನಿಂತಿದೆ ಎಂದು ಕೇಳಿ ಪಿಯುಸಿ ಓದುವ ಹುಡುಗನಿಂದ ಬರೆಸಿದೆವು. ಹಕ್ಕುಪತ್ರ ಇನ್ನೂ ಬಂದಿಲ್ಲ. ಆದರೆ ಉತ್ತರ ಬಂದಿದೆ. ಐದು ಸಾವಿರ ಕೇಳಿದವರು ಆಮೇಲೆ ಕೇಳಿಲ್ಲ.

ಪ್ರತಿ ಜಮಾಅತ್‌ನಲ್ಲೂ ಅರ್ಜಿ ಬರೆಯಬಲ್ಲ ಇಬ್ಬರು ಮಕ್ಕಳಿದ್ದಾರೆ. ಜುಮಾ ಕಳೆದು ಅರ್ಧ ಗಂಟೆ ಅವರನ್ನು ಕೂರಿಸೋಣ.